ಎಣ್ಣೆ ಎಂಜಿನ್ನಿನ ಹದವೇಗ

೧

ಚಿತ್ರದುರ್ಗದ ಸೀಮೆಯಲ್ಲಿ ನೀರು ಹೊಲವನ್ನು ಸೇರುವ ಬಗೆ ಎರಡು: ತಾನಾಗಿ ಇಳಿದು ಬರುವುದು ಒಂದು, ಎತ್ತಿಸಿಕೊಂಡು ಬರುವುದು ಮತ್ತೊಂದು. ಹಿರಿಯೂರಿಗೆ ಸಮೀಪದ ಮಾರಿಕಣಿವೆಯಲ್ಲಿ ವೇದಾವತೀ ನದಿಗೆ ಅಡ್ಡಲಾಗಿ ಮೈಸೂರು ಸಂಸ್ಥಾನವು ಕಟ್ಟಿಸಿ ೧೯೦೭ರಲ್ಲಿ ಪೂರೈಸಿದ ವಾಣೀವಿಲಾಸ ಸಾಗರದ ಕೆಳಗೆ, ನಾಲೆಯ ನೀರು ತನ್ನ ಭಾರದಿಂದಲೇ ಗದ್ದೆ ತೋಟಗಳಿಗೆ ಹರಿಯುತ್ತದೆ. ಅಲ್ಲಿ ಯಂತ್ರದ ಅಗತ್ಯವಿಲ್ಲ. ಆದರೆ ಜಲಾಶಯಕ್ಕೆ ಮೇಲಣ ಹೊಸದುರ್ಗದ ಸೀಮೆಯಲ್ಲಿಯೂ, ಹೊಳಲ್ಕೆರೆಯ ತೆಂಗು ಅಡಕೆಗಳ ತೋಟಗಳಲ್ಲಿಯೂ, ಚಿತ್ರದುರ್ಗದ ಸುತ್ತಣ ಕಲ್ಲುನೆಲದಲ್ಲಿಯೂ, ನಾಲೆ ಮುಟ್ಟದ ಹಿರಿಯೂರಿನ ಹಳ್ಳಿಗಳಲ್ಲಿಯೂ ನೀರು ಕೆಳಗಿರುತ್ತದೆ, ಬೆಳೆಯು ಮೇಲಿರುತ್ತದೆ. ಈ ಸೀಮೆಯಲ್ಲಿ ಮಳೆಯು ಎಷ್ಟು ಲೋಭಿ ಎಂಬುದಕ್ಕೆ ಆ ಜಲಾಶಯವೇ ಸಾಕ್ಷಿ: ೧೯೩೩ರಲ್ಲಿ ಒಮ್ಮೆ ಕೋಡಿ ಹರಿದ ಸಾಗರವು ಮತ್ತೆ ಕೋಡಿ ಹರಿದದ್ದು ೨೦೨೨ರಲ್ಲಿ, ಎಂಬತ್ತೊಂಬತ್ತು ವರ್ಷಗಳ ಅನಂತರ.

ನೀರನ್ನು ಎತ್ತುವ ಕೆಲಸವನ್ನು ಹಿಂದೆ ಕಪಿಲೆಯೂ ಏತವೂ ಮಾಡುತ್ತಿದ್ದುವು. ಕಪಿಲೆಯ ಎತ್ತುಗಳಿಗೆ ವೇಗವನ್ನು ಯಾರೂ ಗೊತ್ತುಮಾಡಿಕೊಡಬೇಕಾಗಿರಲಿಲ್ಲ. ಇಳಿಜಾರಿನಲ್ಲಿ ಇಳಿಯುವಾಗ ಅವುಗಳ ನಡೆ ಎಷ್ಟೋ ಅಷ್ಟೇ ಮಿಣಿಯ ವೇಗ. ದಣಿದಾಗ ಎತ್ತು ತಾನೇ ನಿಲ್ಲುತ್ತಿತ್ತು. ಕಪಿಲೆಯ ಸ್ಥಾನಕ್ಕೆ ಎಣ್ಣೆ ಎಂಜಿನ್ನು ಬಂದಾಗ, ಒಂದು ಜೊತೆ ಎತ್ತಿನ ಸುಮಾರು ಒಂದು ಅಶ್ವಶಕ್ತಿಗೆ ಬದಲಾಗಿ ಐದಾರು ಅಶ್ವಶಕ್ತಿ ದೊರೆಯಿತು. ಅದರೊಡನೆ ಎತ್ತಿಗೆ ಇದ್ದ ಸ್ವಂತ ವಿವೇಕ ಹೋಯಿತು. ಎಷ್ಟು ವೇಗದಲ್ಲಿ ಓಡಬೇಕೆಂಬುದನ್ನು ಯಂತ್ರಕ್ಕೆ ಒಡೆಯನೇ ಹೇಳಬೇಕು. ತಪ್ಪಾಗಿ ಹೇಳಿದರೆ ಅದು ಮುರಿಯುವ ತನಕ ವಿಧೇಯವಾಗಿ ಓಡುತ್ತದೆ.

ಈಗ ಈ ನಾಲ್ಕು ತಾಲ್ಲೂಕುಗಳಲ್ಲಿ ನೀರೆತ್ತುವ ಕೆಲಸವನ್ನು ಬಹುಮಟ್ಟಿಗೆ ವಿದ್ಯುತ್ತೇ ವಹಿಸಿಕೊಂಡಿದೆ. ವಿದ್ಯುತ್ತಿನ ಮೋಟಾರಿಗೆ ವೇಗದ ಆಯ್ಕೆ ಇಲ್ಲ. ಸೆಕೆಂಡಿಗೆ ೫೦ ಆವೃತ್ತಿಯ ಪ್ರವಾಹವು ಸಾಮಾನ್ಯ ಮೋಟಾರನ್ನು ನಿಮಿಷಕ್ಕೆ ಸುಮಾರು ೧೪೪೦ ಸುತ್ತಿನಲ್ಲಿ ಕಟ್ಟಿಹಾಕುತ್ತದೆ. ಆದರೆ ಮೂರು ಫೇಸಿನ ವಿದ್ಯುತ್ತು ಹಳ್ಳಿಗೆ ದಿನದಲ್ಲಿ ಕೆಲವೇ ಗಂಟೆ ಬರುವುದರಿಂದಲೂ, ಕೆರೆ ಹಳ್ಳಗಳ ದಡಕ್ಕೆ ತಂತಿ ಎಲ್ಲೆಡೆಯೂ ಹೋಗದಿರುವುದರಿಂದಲೂ, ಡೀಸೆಲ್ ಎಂಜಿನ್ನು ಆಪತ್ಕಾಲದ ನೆಂಟನಾಗಿ ಉಳಿದಿದೆ. ಆಪತ್ಕಾಲದಲ್ಲಿ ಓಡಿಸುವ ಯಂತ್ರವನ್ನೇ ಜನರು ಆತುರದಿಂದ ಓಡಿಸುವುದು. ಆತುರದಲ್ಲಿಯೇ ವೇಗದ ತಪ್ಪು ನಡೆಯುವುದು. ಆದಕಾರಣ ಸಣ್ಣ ಡೀಸೆಲ್ ಎಂಜಿನ್ನನ್ನು ಗಂಟೆಗಟ್ಟಲೆ ನಿರಪಾಯವಾಗಿ ಓಡಿಸಬಹುದಾದ ವೇಗ ಯಾವುದು, ಅದನ್ನು ಗೊತ್ತುಮಾಡುವ ಕ್ರಮವೇನು ಎಂಬುದು ವಿಚಾರಕ್ಕೆ ಅರ್ಹವಾಗಿದೆ.

೨

ಈ ವೇಗಕ್ಕೆ ಕನ್ನಡದಲ್ಲಿ ಹೊಸ ಹೆಸರನ್ನು ಹುಡುಕಬೇಕಾಗಿಲ್ಲ. ಉಳುವ ಮಣ್ಣಿಗೆ ಹದ, ಬೆಲ್ಲದ ಪಾಕಕ್ಕೆ ಹದ, ಕಾಸಿದ ಕಬ್ಬಿಣಕ್ಕೆ ಹದ. ಮಣ್ಣು ಹದವಾಗಿದೆ ಎಂದರೆ ಒಂದು ನಿರ್ದಿಷ್ಟ ಪ್ರಮಾಣದ ತೇವವಿದೆ ಎಂದು ಅರ್ಥವಲ್ಲ. ಇದಕ್ಕಿಂತ ಒಣಗಿದರೆ ನೇಗಿಲು ಇಳಿಯದು, ಇದಕ್ಕಿಂತ ನೆನೆದರೆ ಹೆಂಟೆ ಕಟ್ಟುವುದು, ಈ ಎರಡರ ನಡುವೆ ಕೆಲಸಕ್ಕೆ ಒದಗುವ ಒಂದು ಅವಕಾಶವಿದೆ ಎಂದು ಅರ್ಥ. ಹದವೆಂಬುದು ಒಂದು ಬಿಂದುವಲ್ಲ. ಕೆಳಗೊಂದು ಮೇರೆ ಮೇಲೊಂದು ಮೇರೆ ಉಳ್ಳ ಪ್ರಾಂತ. ಎಂಜಿನ್ನಿನ ವೇಗವೂ ಹಾಗೆಯೇ. ಅದರ ಮೇಲ್ಮೇರೆಯನ್ನು ಎಂಜಿನ್ನು ಗೊತ್ತುಮಾಡುತ್ತದೆ. ಕೆಳಮೇರೆಯನ್ನು ಬಹುತರವಾಗಿ ಅದು ಹೊತ್ತ ಹೊರೆಯು ಗೊತ್ತುಮಾಡುತ್ತದೆ. ಈ ಎರಡು ಮೇರೆಗಳೂ ಬೇರೆಬೇರೆ ಮೂಲದಿಂದ ಬಂದವು ಎಂಬುದನ್ನು ಮರೆತು, ಫಲಕದಲ್ಲಿ ಕೆತ್ತಿದ ಒಂದು ಸಂಖ್ಯೆಯನ್ನೇ ವೇದವಾಕ್ಯವೆಂದು ನಂಬುವುದರಿಂದ ಅರ್ಧ ತೊಂದರೆ, ಆ ಸಂಖ್ಯೆಯನ್ನು ಓದದೆಯೇ ಇರುವುದರಿಂದ ಉಳಿದರ್ಧ ತೊಂದರೆ ಉಂಟಾಗುತ್ತದೆ.

ಎಂಜಿನ್ನಿನ ಸ್ವರೂಪವನ್ನು ಸಂಕ್ಷೇಪವಾಗಿ ಇಲ್ಲಿ ನೆನೆಯಬಹುದು. ಜರ್ಮನಿಯ ರುಡಾಲ್ಫ್ ಡೀಸೆಲ್ ಎಂಬಾತನು ೧೮೯೭ರಲ್ಲಿ ಔಗ್ಸ್‌ಬರ್ಗ್ ನಗರದಲ್ಲಿ ತನ್ನ ಯಂತ್ರವನ್ನು ಯಶಸ್ವಿಯಾಗಿ ಓಡಿಸಿ ತೋರಿಸಿದನು. ಗಾಳಿಯನ್ನು ಬಲವಾಗಿ ಒತ್ತಿದರೆ ಅದು ಕಾಯುತ್ತದೆ. ಹಾಗೆ ಕಾದ ಗಾಳಿಯೊಳಕ್ಕೆ ಎಣ್ಣೆಯನ್ನು ಚಿಮ್ಮಿಸಿದರೆ ಕಿಡಿಯಿಲ್ಲದೆಯೇ ಹೊತ್ತಿಕೊಳ್ಳುತ್ತದೆ. ಆ ಉರಿಯ ಒತ್ತಡವು ಪಿಸ್ಟನ್ನನ್ನು ತಳ್ಳುತ್ತದೆ. ೧೯೦೦ರ ಪ್ಯಾರಿಸ್ ಪ್ರದರ್ಶನದಲ್ಲಿ ಈ ಜಾತಿಯ ಒಂದು ಸಣ್ಣ ಎಂಜಿನ್ನು ಕಡಲೆಕಾಯಿ ಎಣ್ಣೆಯಿಂದ ಓಡಿತೆಂಬುದು, ಕಡಲೆಕಾಯಿ ಎಣ್ಣೆಗೆ ಹೆಸರಾದ ಚಳ್ಳಕೆರೆಯನ್ನು ನೆರೆಯಲ್ಲಿಟ್ಟುಕೊಂಡ ಸೀಮೆಯವರಿಗೆ ಕುತೂಹಲದ ಸಂಗತಿ. ಪಿಸ್ಟನ್ನು ನಾಲ್ಕು ಹೊಡೆತಗಳಲ್ಲಿ, ಎಂದರೆ ಚಕ್ರದ ಎರಡು ಸುತ್ತುಗಳಲ್ಲಿ, ಒಮ್ಮೆ ಮಾತ್ರ ಉರಿಯ ಬಲವನ್ನು ಪಡೆಯುತ್ತದೆ. ಉಳಿದ ಮೂರು ಹೊಡೆತಗಳನ್ನು ಭಾರವಾದ ಗಾಲಿಚಕ್ರವು ತನ್ನಲ್ಲಿ ಕೂಡಿಟ್ಟ ಚಲನೆಯಿಂದ ನಡೆಸುತ್ತದೆ. ಹೊರೆಯು ಹೆಚ್ಚು ಕಡಮೆಯಾದಂತೆ ಎಣ್ಣೆಯನ್ನು ಹೆಚ್ಚು ಕಡಮೆ ಮಾಡಿ ವೇಗವನ್ನು ಒಂದೇ ಸಮನಾಗಿ ಕಾಪಾಡುವುದಕ್ಕೆ ಗವರ್ನರ್ ಎಂಬ ನಿಯಾಮಕವಿದೆ. ಇದೊಂದು ರೀತಿಯಲ್ಲಿ ಎತ್ತಿನ ವಿವೇಕಕ್ಕೆ ಪ್ರತಿನಿಧಿ. ಆದರೆ ನಿಯಾಮಕವು ಕೊಟ್ಟ ವೇಗವನ್ನು ಕಾಪಾಡಬಲ್ಲುದೇ ಹೊರತು ಕೊಟ್ಟ ವೇಗವು ಯುಕ್ತವೋ ಅಯುಕ್ತವೋ ಎಂಬುದನ್ನು ತಿಳಿಯಲಾರದು.

೩

ಮೇಲ್ಮೇರೆಯನ್ನು ಮೊದಲು ನೋಡಬಹುದು. ಪಿಸ್ಟನ್ನು ಪ್ರತಿ ಸುತ್ತಿನಲ್ಲಿಯೂ ಎರಡು ಸಾರಿ ಸಂಪೂರ್ಣವಾಗಿ ನಿಂತು ತಿರುಗಿ ಓಡಬೇಕು. ಹಾಗೆ ಅದನ್ನು ನಿಲ್ಲಿಸಿ ಎಳೆಯುವ ಬಲವನ್ನು ಜೋಡುಸಲಾಕೆಯೂ ಅದರ ಬೋಲ್ಟುಗಳೂ ತಡೆದುಕೊಳ್ಳಬೇಕು. ಈ ಬಲವು ವೇಗದ ವರ್ಗವನ್ನು ಅನುಸರಿಸಿ ಬೆಳೆಯುತ್ತದೆ. ವೇಗವನ್ನು ನೂರಕ್ಕೆ ಹತ್ತು ಹೆಚ್ಚಿಸಿದರೆ ಬಲವು ನೂರಕ್ಕೆ ಹತ್ತು ಮಾತ್ರವಲ್ಲ, ಇಪ್ಪತ್ತೊಂದು ಹೆಚ್ಚುವುದು. ಇಪ್ಪತ್ತು ಹೆಚ್ಚಿಸಿದರೆ ನಲವತ್ತನಾಲ್ಕು ಹೆಚ್ಚುವುದು. ಗಾಲಿಚಕ್ರವನ್ನು ಹೊರಕ್ಕೆ ಸಿಡಿಸಲೆಳಸುವ ಬಲಕ್ಕೂ ಇದೇ ಲೆಕ್ಕ. ಕಿವಿಗೆ ಸ್ವಲ್ಪ ಚುರುಕಾಗಿ ಕೇಳುವ ಎಂಜಿನ್ನು ಒಳಗೆ ಬಹಳ ಹೆಚ್ಚಾಗಿ ನೊಂದಿರುತ್ತದೆ. ಹಳ್ಳಿಗಳಲ್ಲಿ ಇದನ್ನು ಎಂಜಿನ್ನಿಗೆ ರೇಸು ಕೊಡುವುದು ಎನ್ನುತ್ತಾರೆ. ಹಾಗೆ ಕೊಟ್ಟುದರ ಬೆಲೆಯನ್ನು ಅಂದೇ ತೆರಬೇಕಾಗುವುದಿಲ್ಲ. ಬೋಲ್ಟು ಸಾವಿರಾರು ಗಂಟೆಗಳ ಆಯಾಸವನ್ನು ನೆನಪಿಟ್ಟುಕೊಂಡು, ಬೆಳೆಯು ಹೂಕಟ್ಟಿದ ವಾರದಲ್ಲಿ ತುಂಡಾಗುತ್ತದೆ.

ಎಲ್ಲ ಎಂಜಿನ್ನುಗಳಿಗೂ ಒಂದೇ ಮೇಲ್ಮೇರೆಯಿಲ್ಲ. ಹಳೆಯ ಲಿಸ್ಟರ್ ಜಾತಿಯ ಆರು ಅಶ್ವಶಕ್ತಿಯ ಎಂಜಿನ್ನು ನಿಮಿಷಕ್ಕೆ ೬೫೦ ಸುತ್ತಿನದು. ರಾಜಕೋಟೆಯ ಕಾರ್ಖಾನೆಗಳಲ್ಲಿ ಅದೇ ಮಾದರಿಯಲ್ಲಿ ತಯಾರಾದ ಎಂಜಿನ್ನುಗಳು ದೇಶವನ್ನೆಲ್ಲ ತುಂಬಿದುವು. ಅದರ ಹೊಡೆತದ ಉದ್ದ ಸುಮಾರು ೧೪೦ ಮಿಲಿಮೀಟರು. ಇದಕ್ಕೆ ಪ್ರತಿಯಾಗಿ ಈಚಿನ ಐದು ಅಶ್ವಶಕ್ತಿಯ ಸಾಮಾನ್ಯ ಎಂಜಿನ್ನಿನ ಹೊಡೆತ ೧೧೦ ಮಿಲಿಮೀಟರು, ವೇಗ ೧೫೦೦ ಸುತ್ತು. ಸುತ್ತುಗಳನ್ನು ಮಾತ್ರ ಹೋಲಿಸಿದರೆ ಎರಡನೆಯದು ಮೊದಲನೆಯದರ ಎರಡು ಪಾಲಿಗಿಂತ ಹೆಚ್ಚು ವೇಗದ್ದು. ಪಿಸ್ಟನ್ನು ನಿಜವಾಗಿ ಕ್ರಮಿಸುವ ದಾರಿಯನ್ನು ಹೋಲಿಸಿದರೆ ಮೊದಲನೆಯದು ಸೆಕೆಂಡಿಗೆ ಸುಮಾರು ೩ ಮೀಟರು, ಎರಡನೆಯದು ೫.೫ ಮೀಟರು. ಆದುದರಿಂದ ಒಂದರ ಫಲಕದ ಸಂಖ್ಯೆಯನ್ನು ನೋಡಿ ಇನ್ನೊಂದನ್ನು ಓಡಿಸುವುದು, ಆನೆಯ ನಡೆಯನ್ನು ಕುದುರೆಗೆ ಹೇಳಿಕೊಟ್ಟಂತೆ. ನಿಧಾನವಾದ ಹಳೆಯ ಎಂಜಿನ್ನನ್ನು ಹೊಸ ಪಂಪಿಗೆ ಜೋಡಿಸಿ, ಪಂಪು ಬೇಡುವ ೧೪೫೦ ಸುತ್ತಿಗಾಗಿ ಎಂಜಿನ್ನನ್ನೇ ಓಡಿಸಹೊರಡುವುದು ಅನರ್ಥಕ್ಕೆ ದಾರಿ. ಅಲ್ಲಿ ಬದಲಾಯಿಸತಕ್ಕದ್ದು ಪುಲ್ಲಿಯನ್ನು. ಎಂಜಿನ್ನಿನ ಸುತ್ತನ್ನು ಅದರ ಪುಲ್ಲಿಯ ವ್ಯಾಸದಿಂದ ಗುಣಿಸಿ ಪಂಪಿನ ಪುಲ್ಲಿಯ ವ್ಯಾಸದಿಂದ ಭಾಗಿಸಿದರೆ ಪಂಪಿನ ಸುತ್ತು ದೊರೆಯುತ್ತದೆ. ಎಂಜಿನ್ನಿಗೆ ೪೦ ಸೆಂಟಿಮೀಟರಿನ ಪುಲ್ಲಿಯನ್ನೂ ಪಂಪಿಗೆ ೧೮ ಸೆಂಟಿಮೀಟರಿನದನ್ನೂ ಹಾಕಿದರೆ, ೬೫೦ ಸುತ್ತಿನ ಎಂಜಿನ್ನು ಪಂಪನ್ನು ೧೪೪೪ ಸುತ್ತು ತಿರುಗಿಸಬೇಕು. ಬೆಲ್ಟು ಜಾರುವುದಕ್ಕಾಗಿ ನೂರಕ್ಕೆ ಮೂರನ್ನು ಕಳೆದರೆ ೧೪೦೦ ಉಳಿಯುತ್ತದೆ. ಹೀಗೆ ಎಂಜಿನ್ನೂ ಪಂಪೂ ತಮ್ಮ ತಮ್ಮ ಹದದಲ್ಲಿಯೇ ನಡೆಯುತ್ತವೆ.

ಈ ಪ್ರಾಂತದ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಚಿತ್ರದುರ್ಗವು ಸಮುದ್ರಮಟ್ಟದಿಂದ ಸುಮಾರು ೭೩೦ ಮೀಟರು ಮೇಲಿದೆ. ಮೇಲೆ ಹೋದಂತೆ ಗಾಳಿಯು ತೆಳುವಾಗುವುದರಿಂದ ಎಂಜಿನ್ನಿನ ಶಕ್ತಿಯು ನೂರು ಮೀಟರಿಗೆ ನೂರರಲ್ಲಿ ಸುಮಾರು ಒಂದರಂತೆ ಕುಗ್ಗುತ್ತದೆ. ಎಂದರೆ ಕಡಲತೀರದಲ್ಲಿ ಐದು ಅಶ್ವಶಕ್ತಿ ಕೊಡುವ ಎಂಜಿನ್ನು ದುರ್ಗದಲ್ಲಿ ನಾಲ್ಕೂವರೆಗೆ ತುಸು ಮೇಲೆ ಮಾತ್ರ ಕೊಡಬಲ್ಲುದು. ಬೇಸಗೆಯ ಬಿಸಿಗಾಳಿಯಲ್ಲಿ ಇದೂ ಇಳಿಯುತ್ತದೆ. ಫಲಕದ ಶಕ್ತಿಯೆಲ್ಲವನ್ನೂ ಹಿಂಡಲೆತ್ನಿಸಿದರೆ ಎಣ್ಣೆಯು ಪೂರ್ತಿ ಉರಿಯದೆ ಕಪ್ಪು ಹೊಗೆಯಾಗಿ ಹೊರಬೀಳುತ್ತದೆ.

೪

ಮೇಲ್ಮೇರೆಯ ಭಯವನ್ನು ಅರಿತವನು ವೇಗವನ್ನು ಆದಷ್ಟು ತಗ್ಗಿಸುವುದೇ ಕ್ಷೇಮವೆಂದು ಭಾವಿಸಬಹುದು. ನಿಧಾನವೇ ಪ್ರಧಾನ ಎಂಬ ಗಾದೆ ಇಲ್ಲಿ ಅರ್ಧ ಮಾತ್ರ ನಿಜ. ಏಕೆಂದರೆ ಪಂಪು ಮೂರು ನಿಯಮಗಳಿಗೆ ಒಳಪಟ್ಟಿದೆ: ಅದು ಹಾಯಿಸುವ ನೀರು ವೇಗದಂತೆಯೂ, ನೀರನ್ನು ಎತ್ತಬಲ್ಲ ಎತ್ತರ ವೇಗದ ವರ್ಗದಂತೆಯೂ, ಅದಕ್ಕೆ ತಗಲುವ ಶಕ್ತಿ ವೇಗದ ಘನದಂತೆಯೂ ವ್ಯತ್ಯಾಸಗೊಳ್ಳುತ್ತವೆ. ವೇಗವನ್ನು ನೂರರಿಂದ ಎಂಬತ್ತಕ್ಕೆ ಇಳಿಸಿದರೆ ಎತ್ತರವು ಅರುವತ್ತನಾಲ್ಕಕ್ಕೂ ಶಕ್ತಿಯು ಐವತ್ತೊಂದಕ್ಕೂ ಇಳಿಯುತ್ತವೆ. ಶಕ್ತಿಯ ಉಳಿತಾಯ ದೊಡ್ಡದು, ಸಂದೇಹವಿಲ್ಲ. ಆದರೆ ಬಾವಿಯ ಆಳವು ರಿಯಾಯಿತಿ ತೋರುವುದಿಲ್ಲ.

ಉದಾಹರಣೆಗಾಗಿ ೧೫೦೦ ಸುತ್ತಿನಲ್ಲಿ ೨೪ ಮೀಟರಿನವರೆಗೆ ನೀರನ್ನು ಒತ್ತಿ ನಿಲ್ಲಿಸಬಲ್ಲ ಒಂದು ಪಂಪನ್ನು ಕಲ್ಪಿಸಿಕೊಳ್ಳಬಹುದು. ಕಾರ್ತಿಕ ಮಾಸದಲ್ಲಿ ನೀರಿನ ಮಟ್ಟದಿಂದ ತೊಟ್ಟಿಗೆ ೧೨ ಮೀಟರು ಇದ್ದರೆ, ಸುಮಾರು ೧೦೬೦ ಸುತ್ತು ಮುಟ್ಟುವ ತನಕ ಒಂದು ಹನಿಯೂ ಹೊರಗೆ ಬಾರದು. ೧೩೫೦ರಲ್ಲಿ ಧಾರಾಳವಾಗಿ ಬರುತ್ತದೆ. ಚೈತ್ರದಲ್ಲಿ ನೀರು ಇಳಿದು ಎತ್ತಬೇಕಾದ ಎತ್ತರ ೧೮ ಮೀಟರು ಆಯಿತೆಂದರೆ, ಈ ಕೆಳಮೇರೆ ೧೩೦೦ಕ್ಕೆ ಏರುತ್ತದೆ. ಹಿಂದಿನ ೧೩೫೦ರಲ್ಲಿ ನೀರು ತೊಟ್ಟಿಕ್ಕುವುದಷ್ಟೆ. ೨೧ ಮೀಟರಾದರೆ ಕೆಳಮೇರೆ ೧೪೦೦ನ್ನು ದಾಟುತ್ತದೆ. ಕೆಳಮೇರೆಗಿಂತ ಕೆಳಗೆ ಓಡುವ ಎಂಜಿನ್ನು ಎಣ್ಣೆಯನ್ನು ಉರಿಸುತ್ತಲೇ ಇರುತ್ತದೆ, ಪಂಪಿನೊಳಗಿನ ನೀರು ಅಲ್ಲಿಯೇ ಕಡೆಯಲ್ಪಟ್ಟು ಕಾಯುತ್ತಲೇ ಇರುತ್ತದೆ, ಕೆಲಸ ಮಾತ್ರ ಶೂನ್ಯ. ಇಂಥ ನಿಧಾನವು ಕ್ಷೇಮವೂ ಅಲ್ಲ, ಮಿತವ್ಯಯವೂ ಅಲ್ಲ.

ಈ ಲೆಕ್ಕದಿಂದ ಹೊರಡುವ ಮುಖ್ಯ ತತ್ತ್ವವೆಂದರೆ, ಮೇಲ್ಮೇರೆಯು ವರ್ಷವೆಲ್ಲ ಇದ್ದಲ್ಲಿಯೇ ಇರುತ್ತದೆ, ಕೆಳಮೇರೆಯು ಬಾವಿಯ ನೀರು ಇಳಿದಂತೆ ಏರುತ್ತದೆ. ಮಳೆಗಾಲದಲ್ಲಿ ವಿಶಾಲವಾಗಿದ್ದ ಹದದ ಪ್ರಾಂತವು ಬೇಸಗೆಯಲ್ಲಿ ಇಕ್ಕಟ್ಟಾಗುತ್ತದೆ. ಕಡೆಗೆ ಎರಡು ಮೇರೆಗಳೂ ಕೂಡಿಕೊಂಡು ಹದವೇ ಇಲ್ಲದಂತಾಗುವ ಒಂದು ದಿನ ಬರಬಹುದು. ಆಗ ಒಡೆಯನ ಕೈ ತಾನಾಗಿ ವೇಗದ ಸ್ಕ್ರೂವಿನ ಕಡೆಗೆ ಹೋಗುತ್ತದೆ. ೧೫೦೦ರ ಎಂಜಿನ್ನನ್ನು ೧೬೫೦ಕ್ಕೆ ಏರಿಸಿದರೆ ಮೇಲಿನ ಪಂಪು ೨೯ ಮೀಟರಿನವರೆಗೆ ಒತ್ತಬಲ್ಲುದು, ನೀರೂ ಬರುತ್ತದೆ. ಆದರೆ ಸಲಾಕೆಯ ಮೇಲಣ ಬಲ ನೂರಕ್ಕೆ ಇಪ್ಪತ್ತೊಂದು ಹೆಚ್ಚಿರುತ್ತದೆ. ಈ ನೀರು ಎಂಜಿನ್ನಿನ ಆಯುಸ್ಸಿನಿಂದ ತಂದ ಸಾಲ.

ಇನ್ನೊಂದು ಮಿತಿಯನ್ನು ಯಾವ ವೇಗವೂ ದಾಟಲಾರದು. ಪಂಪು ಕೆಳಗಿನ ನೀರನ್ನು ಎಳೆಯುತ್ತದೆ ಎಂದು ಆಡುವುದು ರೂಢಿ. ನಿಜವಾಗಿ ನೀರನ್ನು ಮೇಲಕ್ಕೆ ತಳ್ಳುವುದು ಹೊರಗಿನ ವಾಯುವಿನ ಒತ್ತಡ. ಸಮುದ್ರಮಟ್ಟದಲ್ಲಿ ಆ ಒತ್ತಡವು ೧೦.೩ ಮೀಟರಿನ ನೀರಿನ ಕಂಬವನ್ನು ಹೊರಬಲ್ಲುದು. ಚಿತ್ರದುರ್ಗದ ಎತ್ತರದಲ್ಲಿ ಸುಮಾರು ೯.೫ ಮೀಟರನ್ನು ಮಾತ್ರ. ಕೊಳವೆಯ ಘರ್ಷಣೆಯನ್ನೂ ಫುಟ್‌ವಾಲ್ವಿನ ತಡೆಯನ್ನೂ ಕಳೆದರೆ ಬಳಕೆಗೆ ಉಳಿಯುವುದು ಆರು ಮೀಟರಿನ ಆಸುಪಾಸು. ನೀರು ಪಂಪಿಗಿಂತ ಇದಕ್ಕೂ ಕೆಳಗೆ ಹೋದಾಗ ವೇಗವನ್ನು ಹೆಚ್ಚಿಸಿದರೆ, ಪಂಪಿನೊಳಗೆ ಗುಳ್ಳೆಗಳೆದ್ದು ಜಲ್ಲಿ ಅಲುಗಾಡಿದಂತೆ ಶಬ್ದವಾಗಿ ಪಂಪಿನ ಚಕ್ರವೇ ಸವೆಯುತ್ತದೆ. ಬಾವಿಯ ಗೋಡೆಯಲ್ಲಿ ಅಟ್ಟ ಕಟ್ಟಿ ಪಂಪನ್ನು ನೀರಿನ ಸಮೀಪಕ್ಕೆ ಇಳಿಸಿದ ಹಿಂದಿನ ಬೇಸಾಯಗಾರರು ಸೂತ್ರವನ್ನು ಓದದೆಯೇ ಈ ತತ್ತ್ವವನ್ನು ಪಾಲಿಸಿದರು. ಆದರೆ ಬಾವಿಯೊಳಕ್ಕೆ ಎಂಜಿನ್ನನ್ನೇ ಇಳಿಸಲಾಗದು. ಅದರ ಹೊಗೆಯು ತಗ್ಗಿನಲ್ಲಿ ನಿಂತು ಮನುಷ್ಯನ ಪ್ರಾಣವನ್ನು ತೆಗೆಯುತ್ತದೆ. ಎಂಜಿನ್ನು ಮೇಲಿದ್ದು, ಪಂಪು ಮಾತ್ರ ಉದ್ದವಾದ ಬೆಲ್ಟಿನಿಂದ ಕೆಳಗೆ ನಡೆಯಬೇಕು.

ಇಲ್ಲಿಯೇ ಹೇಳತಕ್ಕ ಒಂದು ವೈಚಿತ್ರ್ಯವಿದೆ. ತುಂಬಿದ ಬಾವಿಯಲ್ಲಿ ಎಂಜಿನ್ನು ಹಗುರವಾಗಿ ಓಡುವುದೆಂದು ಯಾರಿಗಾದರೂ ತೋರುತ್ತದೆ. ಸಾಮಾನ್ಯವಾದ ಕೇಂದ್ರಾಪಸರಣ ಪಂಪಿನಲ್ಲಿ ನಡೆಯುವುದು ಇದಕ್ಕೆ ವಿರುದ್ಧ. ಎತ್ತರ ಕಡಮೆಯಾದಾಗ ಹರಿವು ಬಹಳ ಹೆಚ್ಚುತ್ತದೆ, ಹರಿವಿನೊಡನೆ ಶಕ್ತಿಯ ಬೇಡಿಕೆಯೂ ಹೆಚ್ಚುತ್ತದೆ. ಆದುದರಿಂದ ಶ್ರಾವಣದಲ್ಲಿ ಎಂಜಿನ್ನು ಕಪ್ಪು ಹೊಗೆ ಉಗುಳಿದರೆ ಆಶ್ಚರ್ಯವಿಲ್ಲ. ಆಗ ವೇಗವನ್ನು ಇಳಿಸುವುದೇ ಪರಿಹಾರ. ಮಳೆಗಾಲದ ಅಪಾಯ ಹೊರೆಯದು, ಬೇಸಗೆಯ ಅಪಾಯ ವೇಗದ್ದು. ವರ್ಷವೆಲ್ಲ ಒಂದೇ ಗುರುತಿನಲ್ಲಿ ಎಂಜಿನ್ನನ್ನು ಓಡಿಸುವವನು ಈ ಎರಡರಲ್ಲಿ ಒಂದಕ್ಕೆ ಸಿಲುಕುತ್ತಾನೆ.

೫

ಹೊರೆಯೇ ವೇಗವನ್ನು ಗೊತ್ತುಮಾಡುತ್ತದೆಂಬುದು ಬಾವಿಗೆ ಮಾತ್ರ ಸಂಬಂಧಿಸಿದ ವಿಷಯವೋ, ಎಂಜಿನ್ನಿನ ಸಾಮಾನ್ಯ ಧರ್ಮವೋ ಎಂದು ಪರೀಕ್ಷಿಸಬೇಕಾದರೆ ಅದೇ ಗಾತ್ರದ ಎಂಜಿನ್ನನ್ನು ಬೇರೊಂದು ಹೊರೆಯ ಕೆಳಗೆ ನೋಡಬೇಕು. ಸಣ್ಣ ಹಾಯಿದೋಣಿಯು ಇದಕ್ಕೆ ಒಳ್ಳೆಯ ನಿದರ್ಶನ. ತುಂಗಭದ್ರೆಯ ಸೀಮೆಯ ಹರಿಗೋಲಿಗೆ ಎಂಜಿನ್ನು ಬೇಡ. ಆದರೆ ಕಡಲಿಗಿಳಿಯುವ ಹಾಯಿದೋಣಿಯಲ್ಲಿ ಗಾಳಿ ಬಿದ್ದಾಗಲೂ ಬಂದರನ್ನು ಹೊಗುವಾಗಲೂ ನೆರವಾಗಲೆಂದು ಒಂದು ಡೀಸೆಲ್ ಎಂಜಿನ್ನನ್ನು ಇಟ್ಟಿರುತ್ತಾರೆ. ಅದು ನೀರಿನಲ್ಲಿ ಮುಳುಗಿದ ಪಂಖವನ್ನು ತಿರುಗಿಸುತ್ತದೆ. ಪಂಖವು ಬೇಡುವ ಶಕ್ತಿಯೂ ಹೆಚ್ಚುಕಡಮೆ ವೇಗದ ಘನದಂತೆಯೇ ಬೆಳೆಯುತ್ತದೆ.

ಅಲ್ಲಿಯ ಮೇಲ್ಮೇರೆಗೆ ಎಂಜಿನ್ನಿನೊಡನೆ ದೋಣಿಯ ಒಡಲೂ ಕಾರಣ. ನೀರನ್ನು ಸೀಳಿ ನಡೆಯುವ ದೋಣಿಯು ತಾನೆಬ್ಬಿಸಿದ ಅಲೆಯೊಳಗೆ ತಾನೇ ಸಿಕ್ಕಿಕೊಳ್ಳುತ್ತದೆ. ನೀರಿನ ಮಟ್ಟದಲ್ಲಿ ಅದರ ಉದ್ದವನ್ನು ಮೀಟರಿನಲ್ಲಿ ಅಳೆದು, ವರ್ಗಮೂಲವನ್ನು ತೆಗೆದು, ನಾಲ್ಕೂವರೆಯಿಂದ ಗುಣಿಸಿದರೆ ಗಂಟೆಗೆ ಎಷ್ಟು ಕಿಲೋಮೀಟರು ಎಂಬ ಮಿತಿಯು ಸುಮಾರಾಗಿ ಗೊತ್ತಾಗುತ್ತದೆ. ನಾಲ್ಕು ಮೀಟರಿನ ದೋಣಿಗೆ ೯, ಒಂಬತ್ತು ಮೀಟರಿನದಕ್ಕೆ ೧೩.೫. ಈ ಮಿತಿಯ ಸಮೀಪದಲ್ಲಿ ಎಣ್ಣೆಯನ್ನು ಎಷ್ಟು ಸುರಿದರೂ ವೇಗಕ್ಕೆ ಬದಲಾಗಿ ಅಲೆಯೇ ಎತ್ತರವಾಗುತ್ತದೆ. ಆದುದರಿಂದ ಅನುಭವಿಗಳಾದ ನಾವಿಕರು ಎಂಜಿನ್ನಿಗೆ ವಿಧಿಸಿದ ಪೂರ್ಣವೇಗದಲ್ಲಿ ನೂರಕ್ಕೆ ಎಪ್ಪತ್ತೈದರಿಂದ ಎಂಬತ್ತೈದರವರೆಗಿನ ವೇಗವನ್ನು ದೀರ್ಘಪ್ರಯಾಣಕ್ಕೆ ಆರಿಸಿಕೊಳ್ಳುತ್ತಾರೆ. ೩೦೦೦ ಸುತ್ತಿನ ಎಂಜಿನ್ನಿಗೆ ಇದು ೨೨೫೦ರಿಂದ ೨೫೫೦. ಅದರಲ್ಲಿ ೨೪೦೦ನ್ನು ಹಿಡಿದರೆ ಪಂಖಕ್ಕೆ ಅರ್ಧ ಶಕ್ತಿ ಸಾಕು. ಎದುರುಗಾಳಿ ಎದ್ದಾಗ ಬಳಸುವುದಕ್ಕೆ ಉಳಿದರ್ಧವು ಕೈಯಲ್ಲಿರುತ್ತದೆ.

ಆದರೆ ಈ ಪ್ರಮಾಣವನ್ನು ಹೇಳುವುದಕ್ಕೆ ಮುಂಚೆ ಅವರು ಒಂದು ಪರೀಕ್ಷೆಯನ್ನು ಮಾಡುತ್ತಾರೆ. ಶುಭ್ರವಾದ ತಳವುಳ್ಳ ದೋಣಿಯನ್ನು ಶಾಂತವಾದ ನೀರಿನಲ್ಲಿ ಪೂರ್ಣವಾಗಿ ಎಣ್ಣೆ ಕೊಟ್ಟು ಓಡಿಸಿ, ಎಂಜಿನ್ನು ತನ್ನ ಪೂರ್ಣವೇಗವನ್ನು ಮುಟ್ಟುತ್ತದೆಯೇ ಎಂದು ನೋಡುತ್ತಾರೆ. ಮುಟ್ಟದಿದ್ದರೆ ಪಂಖವು ಮಿತಿಮೀರಿ ದೊಡ್ಡದು, ಇಲ್ಲವೆ ತಳಕ್ಕೆ ಚಿಪ್ಪು ಪಾಚಿಗಳು ಅಂಟಿವೆ. ಅಂಥ ದೋಣಿಯಲ್ಲಿ ಎಂಬತ್ತರ ಲೆಕ್ಕವೂ ಅತಿಭಾರವೇ. ಬಾವಿಯ ದಡದಲ್ಲಿಯೂ ಈ ಪರೀಕ್ಷೆಗೆ ಪ್ರತಿರೂಪವಿದೆ. ಹೊರೆಯಿಲ್ಲದಾಗಿನ ವೇಗವು ಹೊರೆ ಬಿದ್ದೊಡನೆ ಸ್ವಲ್ಪ ಇಳಿಯುವುದು ನಿಯಾಮಕದ ಸ್ವಭಾವ. ಬಹಳವಾಗಿ ಇಳಿದು ಮತ್ತೆ ಏಳಲಾರದೆ ಏದುಸಿರುಬಿಟ್ಟರೆ, ದೋಷವು ವೇಗದಲ್ಲಿಲ್ಲ, ಹೊರೆಯಲ್ಲಿದೆ.

ದೋಣಿಯಿಂದ ಕಲಿಯತಕ್ಕ ಇನ್ನೊಂದು ಪಾಠ ಕೆಳಮೇರೆಗೆ ಸಂಬಂಧಪಟ್ಟದ್ದು. ಹಾಯಿದೋಣಿಯ ಎಂಜಿನ್ನನ್ನು ಬ್ಯಾಟರಿಗೆ ವಿದ್ಯುತ್ತು ತುಂಬುವುದಕ್ಕಾಗಿ ದಡದಲ್ಲಿ ಹೊರೆಯಿಲ್ಲದೆ ಗಂಟೆಗಟ್ಟಲೆ ಮೆಲ್ಲಗೆ ಓಡಿಸುವುದುಂಟು. ಇದು ಅದಕ್ಕೆ ವಿಶ್ರಾಂತಿಯಲ್ಲ, ರೋಗ. ಸಿಲಿಂಡರು ಸಾಕಷ್ಟು ಕಾಯದುದರಿಂದ ಎಣ್ಣೆ ಪೂರ್ತಿ ಉರಿಯದೆ ಮಸಿ ಕಟ್ಟುತ್ತದೆ, ಸಿಲಿಂಡರಿನ ಗೋಡೆ ಗಾಜಿನಂತೆ ನುಣುಪಾಗುತ್ತದೆ, ಪಿಸ್ಟನ್ನಿನ ಬಳೆಗಳು ಹಿಡಿತ ತಪ್ಪುತ್ತವೆ. ಡೀಸೆಲ್ ಎಂಜಿನ್ನಿಗೆ ಒಂದು ಮಟ್ಟದ ದುಡಿಮೆಯೇ ಆರೋಗ್ಯ. ಅದು ಎಣ್ಣೆಯನ್ನು ಅತ್ಯಂತ ಮಿತವಾಗಿ ಬಳಸುವುದು ಪೂರ್ಣ ಹೊರೆಯ ಮುಕ್ಕಾಲು ಪಾಲಿನ ಸುತ್ತಮುತ್ತಲಲ್ಲಿ. ಐದು ಅಶ್ವಶಕ್ತಿಯ ಕೆಲಸಕ್ಕೆ ಹತ್ತು ಅಶ್ವಶಕ್ತಿಯ ಎಂಜಿನ್ನನ್ನು ಕೊಂಡು ಮೆಲ್ಲಗೆ ಓಡಿಸುವ ಬೇಸಾಯಗಾರನೂ ಈ ರೋಗವನ್ನೇ ಹಣಕೊಟ್ಟು ತರುತ್ತಾನೆ.

ಘನದ ಈ ನಿಯಮವು ಚಿತ್ರದುರ್ಗದಲ್ಲಿ ಕಣ್ಣಿಗೆ ಬೀಳುವಂತೆಯೂ ನಿಂತಿದೆ. ಊರಿನ ಸುತ್ತಣ ಗುಡ್ಡಗಳ ನೆತ್ತಿಯ ಮೇಲೆ ತಿರುಗುವ ಗಾಳಿಯಂತ್ರಗಳಿಗೆ ದೊರೆಯುವ ಶಕ್ತಿಯೂ ಗಾಳಿಯ ವೇಗದ ಘನವನ್ನೇ ಅನುಸರಿಸುತ್ತದೆ. ಗಾಳಿಯು ಇಮ್ಮಡಿಯಾದರೆ ಶಕ್ತಿ ಎಂಟುಮಡಿ. ಆದಕಾರಣವೇ ಬಿರುಗಾಳಿಯಲ್ಲಿ ಅವು ಲಾಭವನ್ನು ಬಿಟ್ಟು ತಾವಾಗಿ ನಿಲ್ಲುವಂತೆ ರಚಿತವಾಗಿವೆ. ಅತಿವೇಗದ ಲಾಭವು ಮುರಿದ ರೆಕ್ಕೆಯ ನಷ್ಟಕ್ಕೆ ಸಮವಾಗದೆಂಬ ವಿವೇಕವನ್ನು ಅಲ್ಲಿ ಯಂತ್ರದೊಳಗೇ ಇಟ್ಟಿದ್ದಾರೆ.

೬

ಇನ್ನು ಹದವೇಗವನ್ನು ಗುರುತಿಸುವ ಕ್ರಮ. ಮೊದಲು ವೇಗವನ್ನು ಅಳೆಯಬೇಕು. ಅಳತೆಯಿಲ್ಲದ ವಾದವು ವ್ಯರ್ಥ. ವೇಗಮಾಪಕವಿಲ್ಲದೆಡೆಯಲ್ಲಿ ನಿಧಾನದ ಎಂಜಿನ್ನಿಗೆ ಕಿವಿಯೇ ಮಾಪಕವಾಗಬಲ್ಲುದು. ಎರಡು ಸುತ್ತಿಗೆ ಒಂದು ಬಡಿತವಾದ್ದರಿಂದ ೬೫೦ ಸುತ್ತಿನ ಎಂಜಿನ್ನು ನಿಮಿಷಕ್ಕೆ ೩೨೫ ಸಲ, ಹತ್ತು ಸೆಕೆಂಡಿಗೆ ೫೪ ಸಲ ಬಡಿಯುತ್ತದೆ. ಬಡಿತಕ್ಕೊಂದರಂತೆ ಸೀಸದಕಡ್ಡಿಯಿಂದ ಕಾಗದದ ಮೇಲೆ ಚುಕ್ಕಿಯಿಡುತ್ತ ಹೋಗಿ, ಹತ್ತು ಸೆಕೆಂಡಿನ ಚುಕ್ಕಿಗಳನ್ನು ಆಮೇಲೆ ಎಣಿಸಿ ಹನ್ನೆರಡರಿಂದ ಗುಣಿಸಿದರೆ ಸುತ್ತುಗಳ ಸಂಖ್ಯೆ ದೊರೆಯುತ್ತದೆ. ಪದ್ಯದ ಮಾತ್ರೆಗಳನ್ನು ಬೆರಳಿನಲ್ಲಿ ಎಣಿಸಿ ಲಯವನ್ನು ಹಿಡಿಯುವ ಅಭ್ಯಾಸವುಳ್ಳವರಿಗೆ ಇದು ಕಷ್ಟವಲ್ಲ. ೧೫೦೦ ಸುತ್ತಿನ ಎಂಜಿನ್ನಿನಲ್ಲಿ ಬಡಿತಗಳು ಸೆಕೆಂಡಿಗೆ ಹನ್ನೆರಡನ್ನು ಮೀರುವುದರಿಂದ ಅಲ್ಲಿ ಮಾಪಕವೇ ಬೇಕು.

ಬಳಿಕ ಫಲಕದ ಸಂಖ್ಯೆಯನ್ನು ಮೇಲ್ಮೇರೆಯಾಗಿ ಗುರುತಿಸಿ, ಅದನ್ನು ಎಂದೂ ದಾಟಕೂಡದು. ಅನಂತರ ನೀರು ತೊಟ್ಟಿಗೆ ಬರಲು ಆರಂಭಿಸುವ ವೇಗವನ್ನು ಕಂಡುಹಿಡಿದು ಕೆಳಮೇರೆಯಾಗಿ ಗುರುತಿಸಬೇಕು. ಎರಡರ ನಡುವೆ ವೇಗವನ್ನು ಸ್ವಲ್ಪಸ್ವಲ್ಪವಾಗಿ ಏರಿಸುತ್ತ, ತೊಟ್ಟಿಯು ತುಂಬಲು ಹಿಡಿಯುವ ಹೊತ್ತನ್ನೂ ವ್ಯಯವಾದ ಎಣ್ಣೆಯನ್ನೂ ಬರೆದುಕೊಳ್ಳಬೇಕು. ಒಂದು ಲೀಟರು ಎಣ್ಣೆಗೆ ಅತಿ ಹೆಚ್ಚು ತೊಟ್ಟಿ ತುಂಬುವ ವೇಗವೊಂದು ಕಾಣಿಸುತ್ತದೆ. ಅಲ್ಲಿ ಹೊಗೆಯು ಕಣ್ಣಿಗೆ ಕಾಣದಷ್ಟು ತಿಳಿಯಾಗಿದೆಯೇ ಎಂದು ನೋಡಬೇಕು. ಕಪ್ಪು ಹೊಗೆ ಅತಿಭಾರಕ್ಕೂ, ನೀಲಿ ಹೊಗೆ ಕೀಲೆಣ್ಣೆ ಉರಿಯುತ್ತಿರುವುದಕ್ಕೂ, ಕಾದ ಮೇಲೂ ಬಿಡದ ಬಿಳಿ ಹೊಗೆ ಎಣ್ಣ್ಣೆ ಉರಿಯದಿರುವುದಕ್ಕೋ ಸಿಲಿಂಡರಿಗೆ ನೀರು ಸೇರಿರುವುದಕ್ಕೋ ಲಕ್ಷಣ. ಯಾವುದಾದರೊಂದು ವೇಗದಲ್ಲಿ ಎಂಜಿನ್ನಿನ ಪೀಠವೂ ಕೊಳವೆಗಳೂ ವಿಶೇಷವಾಗಿ ನಡುಗಿದರೆ ಆ ವೇಗವು ಉಳಿದ ರೀತಿಯಲ್ಲಿ ಎಷ್ಟೇ ಯುಕ್ತವಾಗಿರಲಿ ಅದನ್ನು ಬಿಟ್ಟು ಮೇಲಕ್ಕೋ ಕೆಳಕ್ಕೋ ಸರಿಯಬೇಕು. ಎರಡು ಲಯಗಳು ಕೂಡಿ ಒಂದನ್ನೊಂದು ಬೆಳೆಸುವ ಸ್ಥಾನ ಅದು. ಅಲ್ಲಿ ದೀರ್ಘಕಾಲ ನಿಲ್ಲುವುದು ಕಬ್ಬಿಣಕ್ಕೂ ಹಿತವಲ್ಲ. ಹೀಗೆ ದೊರೆತ ವೇಗವನ್ನು ಸ್ಕ್ರೂವಿನ ಬಳಿ ಬಣ್ಣದ ಗೆರೆಯಿಂದ ಗುರುತಿಸಿ, ಬಾವಿಯ ಮಟ್ಟ ಬದಲಾದಂತೆ ವರ್ಷಕ್ಕೆ ಎರಡು ಮೂರು ಸಾರಿ ಮತ್ತೆ ಪರೀಕ್ಷಿಸಿದರೆ ಸಾಕು.

೭

ಈ ವಿವೇಚನೆಯಿಂದ ಸಿದ್ಧವಾಗುವುದೇನೆಂದರೆ, ಎಂಜಿನ್ನಿನ ನಿರಪಾಯವಾದ ವೇಗವೆಂಬುದು ಎಂಜಿನ್ನೊಂದರ ಗುಣವಲ್ಲ. ಅದು ಎಂಜಿನ್ನಿಗೂ ಹೊರೆಗೂ ನಡುವೆ ಆದ ಒಡಂಬಡಿಕೆ. ದೋಣಿಯಲ್ಲಿ ಅಲೆಯೂ ಗಾಳಿಯೂ, ಬಾವಿಯಲ್ಲಿ ನೀರಿನ ಮಟ್ಟವೂ ಆ ಒಡಂಬಡಿಕೆಯನ್ನು ದಿನದಿನಕ್ಕೆ ತಿದ್ದುತ್ತಿರುತ್ತವೆ. ಮೇರೆಗಳ ನಡುವೆ ಅವಕಾಶವಿರುವ ತನಕ ವೇಗವನ್ನು ಆರಿಸುವುದು ಕೈಚಳಕದ ಮಾತು. ಅವಕಾಶವು ಮುಚ್ಚಿಹೋದ ಮೇಲೆ ಆರಿಸಬೇಕಾದುದು ವೇಗವನ್ನಲ್ಲ. ಪಂಪಿನ ಸ್ಥಾನವನ್ನು, ಪುಲ್ಲಿಯ ವ್ಯಾಸವನ್ನು, ಬೆಳೆಯ ಜಾತಿಯನ್ನು, ಕಡೆಗೆ ಬಾವಿಗೆ ನೀರೂಡುವ ಕೆರೆಯ ಹೂಳನ್ನು.

ದುರ್ಗದ ಬೆಟ್ಟದ ಮೇಲೆ ಒಂದರಿಂದೊಂದಕ್ಕೆ ಮಳೆಯ ನೀರನ್ನು ಇಳಿಸುತ್ತ ಹೊಂಡಗಳ ಸಾಲನ್ನು ಕಟ್ಟಿದವರಿಗೆ ನೀರನ್ನು ಎತ್ತುವುದಕ್ಕಿಂತ ನಿಲ್ಲಿಸುವುದು ಸುಲಭವೆಂಬುದು ತಿಳಿದಿತ್ತು. ಎಣ್ಣೆ ಎಂಜಿನ್ನು ಆ ತಿಳಿವಳಿಕೆಗೆ ಶತ್ರುವಲ್ಲ. ಬೇಸಗೆಯಲ್ಲಿ ಅದರ ಕೆಳಮೇರೆಯು ವರ್ಷದಿಂದ ವರ್ಷಕ್ಕೆ ಮೇಲೇರುತ್ತಿದ್ದರೆ, ಬಾವಿಯ ಸ್ಥಿತಿಯನ್ನು ಅದು ಸಂಖ್ಯೆಯಲ್ಲಿ ಬರೆದು ತೋರಿಸುತ್ತಿರುತ್ತದೆ. ಆ ಬರಹವನ್ನು ಓದಬಲ್ಲವನು ಸ್ಕ್ರೂವನ್ನು ಮುಟ್ಟುವುದಕ್ಕೆ ಮೊದಲು ಬಾವಿಯೊಳಕ್ಕೆ ಇಣಿಕಿ ನೋಡುತ್ತಾನೆ.